ಜಗಲಿಯ ಮಂಚ

ಕಮ್ಮಾರ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಎಳೆದು, ಹೆಬ್ಬೆರಳಿನಿಂದ ಅಲಗು ಮುಟ್ಟಿ ನೋಡಿ, ಮತ್ತೆ ಪಟ್ಟಿಗೇ ಹಚ್ಚಿದ. ಕೊಯ್ಲಿನ ಕಾಲ. ಹೊಲಗಳಲ್ಲಿ ಅರ್ಧ ಪೈರು ನಿಂತಿತ್ತು, ಅರ್ಧ ಮಲಗಿತ್ತು. ಕುಡುಗೋಲನ್ನು ಬದುವಿನಲ್ಲೇ ಬಿಟ್ಟು ಬಂದವರು ತಲೆಗೂದಲಲ್ಲಿ ಹೊಟ್ಟು ಸಿಕ್ಕಿಸಿಕೊಂಡೇ ಅಂಗಳದಲ್ಲಿ ಕೂತಿದ್ದರು. ಮನೆಯ ಮುಂಗೋಣೆಯೇ ಕ್ಷೌರದ ಅಂಗಡಿ. ಗಿರಾಕಿಗಳು ಸರದಿ ಕಾಯುವ ಉದ್ದನೆಯ ಬೆಂಚಿನ ಮೇಲೆ ಕ್ಷೌರಿಕನನ್ನೇ ಮಲಗಿಸಿದ್ದರು. ಕಾಯಿಲೆ ಬಿದ್ದಾಗಿನಿಂದ ಬೆಳೆದ ಬಿಳಿ ಗಡ್ಡ ಅವನ ಮುಖವನ್ನು ಬೇರೆ ಯಾರದೋ ಮುಖ ಮಾಡಿಬಿಟ್ಟಿತ್ತು.

"ಇನ್ನೆಷ್ಟು ಮಸೀತೀಯಣ್ಣ, ಕತ್ತಿ ಸವೆದು ಹೋಗುತ್ತೆ" ಎಂದಳು ತಲೆಯ ಕಡೆ ಕೂತಿದ್ದ ಕ್ಷೌರಿಕನ ಹೆಂಡತಿ. ಊರಿಗೆಲ್ಲ ಅವಳು ಕತ್ತರಿಯಮ್ಮ.

"ಕಬ್ಬಿಣ ಸವೆಯೋದು ನಂಗೆ ಗೊತ್ತಿಲ್ವೇನಮ್ಮ? ಕೈ ನಿಲ್ತಾ ಇಲ್ಲ."

ಕಮ್ಮಾರ ಬಗ್ಗಿ ಕತ್ತಿ ತಾಗಿಸಿದ. ಸುತ್ತಿಗೆಗೆ ಪಳಗಿದ ಕೈ ಜಾರಿತು. ಗಲ್ಲದ ಮೇಲೆ ಗೀರೊಂದು ಮೂಡಿತು, ರಕ್ತ ಬರಲಿಲ್ಲ. ರಕ್ತ ಬರಲಿಲ್ಲವೆಂಬುದನ್ನು ಕಂಡೇ ಅವನು ಕತ್ತಿ ಕೆಳಗಿಟ್ಟು ಗೋಡೆಗೆ ಮುಖ ಮಾಡಿ ನಿಂತ. ಸತ್ತವನು ಅವನ ಬಾಲ್ಯದ ಗೆಳೆಯ.

ಗಂಡಸು ಸತ್ತರೆ ಮುಖ ಬೋಳಿಸಿ, ಮೀಯಿಸಿ, ಆಮೇಲೆ ಪ್ರಾರ್ಥನೆ, ಆಮೇಲೆ ಮಣ್ಣು. ಊರಿನ ಅಷ್ಟೂ ಸಾವುಗಳಿಗೆ ಕ್ಷೌರಿಕನೇ ಹೋಗುತ್ತಿದ್ದ, ಕೂಲಿ ಮುಟ್ಟುತ್ತಿರಲಿಲ್ಲ. "ಬದುಕಿದ್ದವರ ಹತ್ರ ಚೌಕಾಸಿ ಸೈ, ಸತ್ತವರ ಹತ್ರ ಬೇಡ. ಊರು ನಂಗೆ ಒಂದು ಮುಖ ಬಾಕಿ ಇಟ್ಕೊಂಡಿರಲಿ" ಎನ್ನುತ್ತಿದ್ದ. ಈಗ ಆ ಬಾಕಿ ಬೆಂಚಿನ ಮೇಲೆ ಮಲಗಿತ್ತು.

"ಪಟ್ಟಣದಿಂದ ಯಾರನ್ನಾದ್ರೂ ಕರೆಸೋಣ್ವಾ?" ಎಂದಳು ಮಗಳು.

"ನಿಮ್ಮಪ್ಪನ ಮುಖಕ್ಕೆ ಪರವೂರಿನವನ ಕೈಯಾ? ಎದ್ದು ಕೂತು ಬೈದಾನು." ಕತ್ತರಿಯಮ್ಮ ಬಾಗಿಲ ಕಡೆ ನೋಡಿದಳು. "ಗಡ್ಡಕ್ಕೆ ಹೇಗೋ ದಾರಿಯಾಗುತ್ತೆ. ಪ್ರಾರ್ಥನೆಗೆ ಗುರುಗಳು ಬರ್ತಾರಾ ಅನ್ನೋದೇ ನನ್ನ ಚಿಂತೆ."

ಕಮ್ಮಾರ ತಿರುಗಿದ. "ಬಂದ್ರೂ ಬಾಯಿ ಬಿಡಲ್ಲ. ಅವತ್ತು ಎಲ್ಲರೆದುರು ಹೇಳಿದ್ರಲ್ಲ, ಇವನ ಗುಂಡಿಯ ಹತ್ರ ನನ್ನ ಬಾಯಿಂದ ಪ್ರಾರ್ಥನೆ ಬರಲ್ಲ ಅಂತ. ಕೊಟ್ಟ ಮಾತಿಗೆ ಕಟ್ಟುಬಿದ್ದ ಮನುಷ್ಯ, ಮಾರಾಯ್ತಿ. ಅದೇ ಬಂದಿರೋ ಕಷ್ಟ."

ಒಂದೇ ಒಂದು ಮಾತು ಆಡಿದರೆ ಗುರುಗಳ ಆ ಕಟ್ಟು ಬಿಚ್ಚಬಹುದಿತ್ತು. ಆ ಮಾತು ಕತ್ತರಿಯಮ್ಮನಲ್ಲಿತ್ತು. ಆಡಬಾರದೆಂದು ಕಟ್ಟು ಹಾಕಿದವನು ಎದುರಿಗೇ ಮಲಗಿದ್ದ.

*

ಕ್ಷೌರಿಕ ಇದ್ದಷ್ಟು ಕಾಲ ಮದುವೆಯ ದಿನ ಬೆಳಿಗ್ಗೆ ಊರಿನ ಪ್ರತಿಯೊಬ್ಬ ಗಂಡಿಗೂ ಎರಡು ಪಾಠ ಆಗುತ್ತಿದ್ದವು. ಮೊದಲನೆಯದು ಪ್ರಾರ್ಥನಾ ಮನೆಯಲ್ಲಿ, ಗುರುಗಳಿಂದ. ದೇಹ ದೇವರ ಹೊಲ, ಬಿತ್ತುವ ಮನಸ್ಸಿಲ್ಲದವನು ಹೊಲಕ್ಕೆ ಇಳಿಯಬಾರದು, ಮಕ್ಕಳು ಸಾಕು ಅನ್ನಿಸಿದರೆ ಸಂಯಮವೊಂದೇ ದಾರಿ. ಎರಡನೆಯದು ಕ್ಷೌರದ ಕುರ್ಚಿಯಲ್ಲಿ. ಅಲ್ಲಿ ಮಾತು ಕಡಿಮೆ. ಮುಖ ಒರೆಸಲು ಕೊಟ್ಟ ಟವೆಲಿನ ಮಡಿಕೆಯೊಳಗೆ ಬಸಿರು ತಡೆಯುವ ಒಂದು ಸಣ್ಣ ಪೊಟ್ಟಣ ಇರುತ್ತಿತ್ತು. ಹೇಗೆ, ಯಾವಾಗ ಎಂಬುದನ್ನು ಕ್ಷೌರಿಕ ಕಿವಿಯ ಹಿಂದಿನ ಕೂದಲು ತೆಗೆಯುವಾಗ ಕಿವಿಯಲ್ಲೇ ಹೇಳುತ್ತಿದ್ದ.

"ಸೊಂಟದ ಮೇಲಿನ ಪಾಠ ಅಲ್ಲಿ, ಕೆಳಗಿನದು ಇಲ್ಲಿ" ಎಂದು ಕಮ್ಮಾರ ನಗುತ್ತಿದ್ದ.

"ನಗಬೇಡ" ಎನ್ನುತ್ತಿದ್ದ ಕ್ಷೌರಿಕ. ಅವನ ತಾಯಿ ಹೆತ್ತೂ ಹೆತ್ತೂ, ಕೊನೆಗೊಂದು ಹೆರಿಗೆಯಲ್ಲಿ ಹೆರಲಾರದೆ ಹೋದವಳು. "ಉಪವಾಸ ಮಾಡಿ ಅನ್ನೋಕೆ ಗುರುಗಳಿದ್ದಾರೆ. ಹಸಿದವನಿಗೆ ಕೈ ತೊಳ್ಕೊಂಡು ಉಣ್ಣಪ್ಪ ಅನ್ನೋಕೂ ಒಬ್ಬ ಬೇಕಲ್ಲ."

ಗುರುಗಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ವಾರಕ್ಕೊಮ್ಮೆ ಇದೇ ಕುರ್ಚಿಯಲ್ಲಿ ಕೂತು ಮುಖ ಬೋಳಿಸಿಕೊಂಡು, ವಾದ ಮಾಡಿ ಹೋಗುತ್ತಿದ್ದರು. ಹೇಳುವುದೊಂದು ಮಾಡುವುದೊಂದು ಎಂಬ ಜಾತಿಯ ಮನುಷ್ಯನಲ್ಲ ಅವರು. ಮೂರನೆಯ ಹೆರಿಗೆಯಲ್ಲಿ ಅವರ ಹೆಂಡತಿ ಸಾವಿನ ಬಾಯಿಗೆ ಹೋಗಿ ಬಂದಾಗ, ಇನ್ನೊಂದಾದರೆ ಉಳಿಯುವುದಿಲ್ಲವೆಂದು ವೈದ್ಯರು ಹೇಳಿದರು. ಅಂದೇ ಗುರುಗಳು ತಮ್ಮ ಮಂಚವನ್ನು ಜಗಲಿಗೆ ಹಾಕಿಸಿದರು. ಚಳಿಯಿರಲಿ, ಮಳೆಯಿರಲಿ, ಅಲ್ಲೇ. ಪಾಠ ಕೇಳಲು ಬಂದ ಗಂಡುಗಳಿಗೆ ಅದನ್ನು ತೋರಿಸಿ, "ನನ್ನಿಂದಾದದ್ದು ನಿಮ್ಮಿಂದ ಯಾಕಾಗಲ್ಲ?" ಎಂದು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಗುರುಗಳ ಹೆಂಡತಿ ಬಂದಳು. ಊರಿಗೆಲ್ಲ ದೊಡ್ಡಮ್ಮ ಎನಿಸಿಕೊಂಡರೂ ಆಗಿನ್ನೂ ತಲೆಯಲ್ಲಿ ಒಂದೂ ನರೆ ಇಲ್ಲದ ಹೆಣ್ಣು. ಗಂಡಸರ ಆ ಅಂಗಡಿಯ ಹೊಸ್ತಿಲು ದಾಟಿದ ಮೊದಲ ಹೊರಗಿನ ಹೆಂಗಸು. ಪರದೆಯ ಹಿಂದೆ ಕಾಳು ಹಸನು ಮಾಡುತ್ತಿದ್ದ ಕತ್ತರಿಯಮ್ಮ ಕೈ ನಿಲ್ಲಿಸಿದಳು.

"ಒಂದು ಕೊಡು" ಎಂದಳು ದೊಡ್ಡಮ್ಮ.

ಕ್ಷೌರಿಕ ಏನೆಂದು ಕೇಳಲಿಲ್ಲ. ಟವೆಲು ಮಡಿಸುತ್ತ, "ಒಪ್ತಾರಾ ತಾಯಿ?" ಎಂದ.

"ಗೊತ್ತಿಲ್ಲ. ದೇವರಿಗೆ ಅವರು ಕೊಟ್ಟ ಮಾತಲ್ಲಿ ನನ್ನ ಪಾಲೂ ಇತ್ತಲ್ಲ. ನನ್ನನ್ನ ಯಾರೂ ಕೇಳ್ಲಿಲ್ಲ."

ಮುಂದಿನ ಪ್ರಾರ್ಥನೆಯ ದಿನ ಗುರುಗಳು ಎದ್ದು ನಿಂತು, ಕ್ಷೌರಿಕ ತನ್ನ ಹೊಲಸನ್ನು ನನ್ನ ಮಂಚದ ದಿಂಬಿನ ಕೆಳಗೇ ತಂದಿಟ್ಟಿದ್ದಾನೆ ಎಂದರು. ಅವನ ಅಂಗಡಿ ಮೆಟ್ಟಬೇಡಿ ಎಂದರು. ಗುಂಡಿಯ ಮಾತು ಆಡಿದ್ದೂ ಅಂದೇ. ಕೊನೆಯ ಸಾಲಿನಲ್ಲಿದ್ದ ಕ್ಷೌರಿಕ ಎದ್ದು ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಮತ್ತೆ ಕೂತ.

"ಬಾಯಿ ಬಿಟ್ಟು ಹೇಳಬಾರದಾ? ಒಲೆ ಆರುತ್ತೆ ಹೀಗಾದ್ರೆ" ಎಂದು ಕತ್ತರಿಯಮ್ಮ ಅತ್ತಳು.

"ಅಂಗಡಿಯಲ್ಲಿ ಕೇಳಿದ್ದನ್ನ ಕೂದಲ ಜೊತೆ ಗುಡಿಸಿ ಹಾಕಬೇಕು ಕಣೆ. ನೀನೂ ಅಷ್ಟೇ."

ಊರಿನ ಗಂಡಸರ ತಲೆಗಳು ಹೆಂಡಿರ ಕತ್ತರಿಗೆ ಸಿಕ್ಕಿ ಇಲಿ ಕಚ್ಚಿದ ಕಂಬಳಿಯಂತಾದವು. ಆ ವರ್ಷದ ಕೊಯ್ಲು ಮುಗಿಯುವ ಹೊತ್ತಿಗೆ ಒಬ್ಬೊಬ್ಬರೇ ಹಿತ್ತಿಲ ಬಾಗಿಲಿನಿಂದ ಬರತೊಡಗಿದರು, ಆಮೇಲೆ ಮುಂಬಾಗಿಲಿನಿಂದಲೇ. ಗುರುಗಳು ಮಾತ್ರ ಮತ್ತೆ ಬರಲಿಲ್ಲ. ಅವರ ಗಡ್ಡ ಎದೆಯವರೆಗೆ ಇಳಿಯಿತು. ಕ್ಷೌರಿಕ ಪ್ರಾರ್ಥನಾ ಮನೆಯ ಕೊನೆಯ ಸಾಲನ್ನೂ ಬಿಡಲಿಲ್ಲ, ಟವೆಲಿನ ಪೊಟ್ಟಣವನ್ನೂ ಬಿಡಲಿಲ್ಲ.

*

ಅಂಗಳದ ಗುಜುಗುಜು ತಟ್ಟನೆ ನಿಂತಿತು. ಗುರುಗಳು ಬಂದಿದ್ದರು. ಬೇಲಿಯ ಬಾಗಿಲ ಹೊರಗೇ, ಕೋಲಿಗೆ ಭಾರ ಬಿಟ್ಟು ನಿಂತರು. ದೊಡ್ಡಮ್ಮ ನಿಲ್ಲಲಿಲ್ಲ. ಹಿತ್ತಾಳೆ ಬೋಗುಣಿಯಲ್ಲಿ ಬಿಸಿನೀರು ಹಿಡಿದು ನೆಟ್ಟಗೆ ಒಳಗೆ ಬಂದಳು. ಈಗ ತಲೆಯಲ್ಲಿ ಒಂದೂ ಕಪ್ಪು ಕೂದಲಿರಲಿಲ್ಲ.

"ಕತ್ತಿ ಎಲ್ಲಿ?"

ಕಮ್ಮಾರ ತಬ್ಬಿಬ್ಬಾದ. "ನಿಮಗೆ ಬರುತ್ತಾ ದೊಡ್ಡಮ್ಮ?"

"ತವರಲ್ಲಿ ಕುರಿ ಉಣ್ಣೆ ತೆಗೆದ ಕೈ ಇದು."

"ಕುರಿಗಿಂತ ಇವನೇ ವಾಸಿ. ಒದೆಯಲ್ಲ" ಎಂದ ಕಮ್ಮಾರ. ಅಳುವಿನ ನಡುವೆಯೇ ಅಂಗಳದಲ್ಲಿ ಯಾರೋ ನಕ್ಕರು.

ದೊಡ್ಡಮ್ಮ ಬೆಂಚಿನ ಪಕ್ಕ ಮಂಡಿಯೂರಿ, ನೊರೆ ಹಚ್ಚಿ, ಕೆನ್ನೆಯ ಚರ್ಮವನ್ನು ಎರಡು ಬೆರಳಿಂದ ಎಳೆದು ಹಿಡಿದಳು. ಕತ್ತಿ ಸದ್ದಿಲ್ಲದೆ ಇಳಿಯಿತು. ಒಂದು ಕೆನ್ನೆ ಮುಗಿದಾಗ ನಿಲ್ಲಿಸಿ, ತಿರುಗದೆಯೇ ಅಂದಳು:

"ಆ ಕಡೆ ಕತ್ತಲು. ಕನ್ನಡಿ ಹಿಡೀರಿ."

ಕಮ್ಮಾರ ಗೋಡೆಯ ಕೈಗನ್ನಡಿಗೆ ಕೈ ಚಾಚಿದ.

"ನಿನಗಲ್ಲಪ್ಪ ಹೇಳಿದ್ದು."

ಎಲ್ಲರೂ ಬೇಲಿಯ ಕಡೆ ನೋಡಿದರು. ಗುರುಗಳು ಕದಲಲಿಲ್ಲ. ಕತ್ತರಿಯಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ನುಗ್ಗಿ ಬರುತ್ತಿದ್ದ ಮಾತನ್ನು ಅವಳು ಹಲ್ಲಿನಲ್ಲಿ ಕಚ್ಚಿ ಹಿಡಿದದ್ದು ಯಾರಿಗೂ ತಿಳಿಯಲಿಲ್ಲ.

ದೊಡ್ಡಮ್ಮನ ದನಿ ಏರಲಿಲ್ಲ. "ದಿಂಬಿನ ಕೆಳಗೆ ಇಟ್ಟಿದ್ದು ಇವನಲ್ಲ. ನಾನೇ ನಡ್ಕೊಂಡು ಬಂದು, ಕೇಳಿ ಇಸ್ಕೊಂಡು ಹೋಗಿದ್ದೆ."

ಗುರುಗಳು ಕೋಲನ್ನು ಬೇಲಿಗೆ ಒರಗಿಸಿ ಮೆಲ್ಲಗೆ ಒಳಗೆ ಬಂದರು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು.

"ಗೊತ್ತು" ಎಂದರು. "ಆವತ್ತೇ ಗೊತ್ತಿತ್ತು."

ಕತ್ತಿ ನಿಂತಿತು. ದೊಡ್ಡಮ್ಮ ಮೊದಲ ಬಾರಿಗೆ ತಲೆಯೆತ್ತಿ ಗಂಡನ ಮುಖ ನೋಡಿದಳು. ಆಮೇಲೆ, "ಬೆಳಕು ಇತ್ತ ಕೊಡಿ" ಎಂದು ಮತ್ತೆ ಬಗ್ಗಿದಳು.

ಗುರುಗಳು ಕನ್ನಡಿ ಹಿಡಿದರು. ಬಾಗಿಲಲ್ಲಿ ಬಿದ್ದಿದ್ದ ಬಿಸಿಲು ಕನ್ನಡಿಗೆ ತಾಗಿ ಸತ್ತವನ ಕತ್ತಲ ಕೆನ್ನೆಯ ಮೇಲೆ ಬಿತ್ತು. ಬೆಳಕು ಸ್ವಲ್ಪ ನಡುಗುತ್ತಿತ್ತು, ಕತ್ತಿ ನಡುಗಲಿಲ್ಲ. ನೊರೆಯ ಕೆಳಗಿನಿಂದ ಕತ್ತರಿಯಮ್ಮನ ಗಂಡನ ಮುಖ ಸ್ವಲ್ಪಸ್ವಲ್ಪವಾಗಿ ವಾಪಸು ಬಂತು.

ಗುಂಡಿಯ ಬಳಿ ಗುರುಗಳು ಪ್ರಾರ್ಥನೆಯನ್ನು ಪೂರ್ತಿ ಹೇಳಿದರು. ನಡುವೆ ಒಂದೆಡೆ ಮರೆತರು. ಆ ಸಾಲನ್ನು ಹಿಂದಿನಿಂದ ದೊಡ್ಡಮ್ಮ ಎತ್ತಿಕೊಟ್ಟಳು.

*

ಹೊತ್ತು ಇಳಿಯುವಾಗ ಜನ ಹೊಲಕ್ಕೆ ಮರಳಿದ್ದರು. ಕತ್ತರಿಯಮ್ಮ ಹಿತ್ತಾಳೆ ಬೋಗುಣಿಯನ್ನು ಬೂದಿ ಹಾಕಿ ಬೆಳಗಿದಳು.

"ನಾಳೆ ಕೊಟ್ರಾಗಲ್ವಾ ಅಮ್ಮ?" ಎಂದಳು ಮಗಳು.

"ಬಾಕಿ ಇಟ್ಕೋಬಾರದು ಕಣೆ. ಇವತ್ತಿಂದು ಇವತ್ತೇ."

ಗುರುಗಳ ಮನೆಯ ಮುಂದೆ ಅವಳು ಕೂಗಲೆಂದು ಬಾಯಿ ತೆರೆದು, ತೆರೆದಂತೆಯೇ ನಿಂತಳು. ಈ ಹೊತ್ತಿಗೆಲ್ಲ ಕಂಬಳಿ ಹಾಸಿ ಅಣಿಯಾಗಿರುತ್ತಿದ್ದ ಜಗಲಿಯ ಮಂಚ ಗೋಡೆಗೆ ಒರಗಿ ಎದ್ದು ನಿಂತಿತ್ತು. ಅದರ ಕಾಲು ಊರಿದ್ದ ಕಡೆ ನೆಲದಲ್ಲಿ ನಾಲ್ಕು ಗುಳಿ ಬಿದ್ದಿದ್ದವು. ಮುಚ್ಚಿದ ಬಾಗಿಲ ಸಂದಿಯಲ್ಲಿ ದೀಪದ ಬೆಳಕಿತ್ತು. ಒಳಗೆ ದೊಡ್ಡಮ್ಮ ಏನೋ ಹೇಳುತ್ತಿದ್ದಳು, ನಿಲ್ಲಿಸದೆ, ಅವಸರವಿಲ್ಲದೆ. ನಡುನಡುವೆ ಗಂಡಸಿನ ದನಿಯೊಂದು "ಹೂಂ" ಎನ್ನುತ್ತಿತ್ತು.

ಕತ್ತರಿಯಮ್ಮ ಬೋಗುಣಿಯನ್ನು ಸದ್ದಾಗದಂತೆ ಆ ನಾಲ್ಕು ಗುಳಿಗಳ ನಡುವೆ ಇಟ್ಟು, ಮನೆಯ ದಾರಿ ಹಿಡಿದಳು.