ದಾರ ಕಟ್ಟದ ಹಾಳೆ

ಆ ಹಾಳೆಯನ್ನು ನೋಡುತ್ತ ನಿಲ್ಲಬಾರದಿತ್ತು. ಫ್ಯಾನಿನ ಗಾಳಿಗೆ ಹಾರಿ ಕಾಲ ಬಳಿ ಬಿತ್ತು, ಎತ್ತಿದ. ಎತ್ತಿದವನು ಹುಡುಗಿಯ ಕೈಗೆ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ವಿನಯ್ ಕುಮಾರ್ ಕೊಡಲಿಲ್ಲ, ನೋಡಿದ.

ಜಗಳೂರಿನಲ್ಲಿ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ. ವಿನಯ್ ಕನ್ನಡ ಮೇಷ್ಟ್ರು. ಗಣಿತದ ದಿನ ಕೊಠಡಿ ಕಾಯಲು ಗಣಿತ ಬಾರದವರೇ ಬೇಕು, ಆ ಅರ್ಹತೆ ಅವನಿಗೆ ಧಾರಾಳವಾಗಿತ್ತು. ಬೆರಗು ಎಂಬ ಪದದ ಅರ್ಥವನ್ನು ಹದಿನೆಂಟು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದ. ತಾನು ಬೆರಗಾದದ್ದು ಯಾವಾಗಲೋ, ನೆನಪಿರಲಿಲ್ಲ.

ಹಾಳೆಯ ಮೇಲೆ ಎರಡು ಗೆರೆ. ಎಲ್ಲಿಂದಲೋ ಬಂದು ಒಂದೇ ಒಂದು ಚುಕ್ಕೆಯಲ್ಲಿ ಕೂಡಿ, ಮತ್ತೆ ತಮ್ಮ ತಮ್ಮ ದಾರಿ ಹಿಡಿದಿದ್ದವು. ಅಬ್ಬಾ, ಎಂಥ ಕೈ! ಅಲ್ಲೇ ಕೂಡಬೇಕು, ಬೇರೆಲ್ಲೂ ಅಲ್ಲ ಎಂದು ಈ ಹುಡುಗಿಗೆ ಹೇಗೆ ಗೊತ್ತಾಯಿತು? ಮೈ ಜುಮ್ಮೆಂದಿತು.

"ಸರ್, ನನ್ ಗ್ರಾಫು," ಎಂದಳು ಗಂಗೋತ್ರಿ ಮೆಲ್ಲಗೆ.

"ನಿನ್ ಉತ್ತರ ಪತ್ರಿಕೆಗೆ ಸೇರ್ಸಿ ನಾನೇ ದಾರ ಕಟ್ತೀನಿ. ನೀನು ಬರಿ."

ಇನ್ನೊಂದು ಗಳಿಗೆ ನೋಡುವ ಆಸೆ, ಅಷ್ಟೆ. ಹಿಂದಿನ ಬೆಂಚಿನಿಂದ ಯಾರೋ ಹೆಚ್ಚುವರಿ ಹಾಳೆ ಕೇಳಿದರು. ಗ್ರಾಫನ್ನು ತನ್ನ ಡೈರಿಯೊಳಗಿಟ್ಟು ಅತ್ತ ಹೋದ. ಗಂಟೆ ಹೊಡೆಯಿತು.

ಉತ್ತರ ಪತ್ರಿಕೆಗಳನ್ನೆಲ್ಲ ಒಪ್ಪಿಸಿ, ಸಹಿ ಹಾಕಲು ಪೆನ್ನಿಗಾಗಿ ಡೈರಿ ತೆರೆದ. ಗ್ರಾಫು ಒಳಗೇ ಇತ್ತು.

"ಏನ್ರೀ ವಿನಯ್, ಮಕ ಹಿಂಗ್ಯಾಕೈತೆ?" ಕೇಂದ್ರದ ಮುಖ್ಯ ಅಧೀಕ್ಷಕ ತಿಪ್ಪೇಶಪ್ಪ ಚೀಲಕ್ಕೆ ಸೀಲು ಹಾಕಲು ಅರಗು ಕಾಯಿಸುತ್ತ ಕೇಳಿದರು. "ಎಲ್ಲ ಸರಿ ಐತಲ್ಲ?"

ಹೇಳಿದರೆ ನೋಟಿಸು, ವಿಚಾರಣೆ, ಸಸ್ಪೆನ್ಷನ್ನು. ಕೊಠಡಿಯ ಕ್ಯಾಮೆರಾದಲ್ಲಿ ಎಲ್ಲ ಬಿದ್ದಿರುತ್ತದೆ. ಗ್ರಾಫ್ ಬಹಳ ಚೆಂದ ಇತ್ತು, ಅದಕ್ಕೇ ಇಟ್ಟುಕೊಂಡೆ ಎಂದರೆ ಯಾರು ನಂಬುತ್ತಾರೆ?

"ಸರಿ ಐತೆ ಸರ್. ಬಿಸಿಲು."

"ಮಜ್ಜಿಗೆ ಕುಡೀರಿ ಹೋಗ್ರಿ."

ಅಂಗಳದಲ್ಲಿ ಗಂಗೋತ್ರಿ ಕಾಯುತ್ತಿದ್ದಳು, ಜೊತೆಗೆ ಅವಳ ತಾಯಿ ಸುಂಕಲಮ್ಮ.

"ದಾರ ಕಟ್ಟಿದ್ರಲ್ಲ ಸರ್? ಅದೊಂದೇ ಪೂರ್ತಿ ಬಂದಿದ್ದು. ಆ ನಾಕು ಮಾರ್ಕ್ಸ್ ಸೇರಿದ್ರೆ ಪಾಸು, ಇಲ್ದಿದ್ರೆ ಇಲ್ಲ."

"ಕಟ್ಟಿದೀನಿ."

"ಮೂರ್ನೇ ಸಲ ಬರಿಯಾಕೆ ಬಂದಿರೋದು ಮೇಷ್ಟ್ರೇ," ಎಂದಳು ಸುಂಕಲಮ್ಮ. "ಇನ್ನೊಂದ್ ಸಲ ಅವ್ರಪ್ಪ ಕಳ್ಸಲ್ಲ. ಹೆಂಗಿತ್ತೇ ಅದು, ತೋರ್ಸು ನೋಡಾನ."

ಗಂಗೋತ್ರಿ ಕಡ್ಡಿ ಹಿಡಿದು ಅಂಗಳದ ಈ ತುದಿಯಿಂದ ಆ ತುದಿಗೆ ಓಡಿ ಒಂದು ಗೆರೆ ಎಳೆದಳು, ಅದಕ್ಕೆ ಅಡ್ಡಲಾಗಿ ಇನ್ನೊಂದು. ಕೂಡಿದ ಕಡೆ ಕುಕ್ಕರಗಾಲಲ್ಲಿ ಕೂತು ಬೆರಳೂರಿದಳು. "ಇಲ್ಲೇ ಕೂಡ್ತವೆ ನೋಡು ಯವ್ವಾ. ಎಲ್ಲೆಲ್ಲೋ ಅಲ್ಲ."

ಸುಂಕಲಮ್ಮ ಕೆನ್ನೆಗೆ ಕೈಯಿಟ್ಟು ನೋಡಿದಳು. "ಅಯ್ಯ ನನ್ನವ್ವ," ಎಂದಳು. ವಿನಯ್‌ಗೂ ಮತ್ತೆ ಮೈ ಜುಮ್ಮೆಂದಿತು, ಆಮೇಲೆ ನಾಚಿಕೆಯಾಯಿತು.

ಅವರಿಬ್ಬರೂ ನಗುತ್ತ ಬಸ್ ಸ್ಟ್ಯಾಂಡಿನ ಕಡೆ ಹೋದರು. ಅಂಗಳದಾಚೆ ಚೀಲಗಳು ಜೀಪು ಏರುತ್ತಿದ್ದವು. ಕೂಗಿದರೆ ಇನ್ನೂ ಕೇಳಿಸುವಷ್ಟೇ ದೂರ. ವಿನಯ್ ಒಂದು ಹೆಜ್ಜೆ ಎತ್ತಿದ.

ಮುಂದೆ ಮಣ್ಣಿನ ಮೇಲೆ ಹುಡುಗಿ ಎಳೆದ ಎರಡು ಗೆರೆಗಳಲ್ಲಿ, ಇಷ್ಟು ವರ್ಷ ಮಕ್ಕಳ ಪುಸ್ತಕಗಳಲ್ಲಿ ತಾನೇ ಕೆಂಪು ಮಸಿಯಿಂದ ಹಾಕಿದ ತಪ್ಪಿನ ಗುರುತು ಅಂಗಳದಗಲಕ್ಕೂ ಬಿದ್ದಿತ್ತು. ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.