ಬುರುಡೆಯ ಹಣೆಗೆ ಕುಂಕುಮ

ದೂರದೇಶದ ಸ್ಯಾನ್ ರಮೋನಿನ ಆ ಮನೆಯಲ್ಲಿ ಆಯುಧಪೂಜೆಯ ದಿನ ಕಾರು, ಲ್ಯಾಪ್‌ಟಾಪು, ಮಿಕ್ಸರು ಎಲ್ಲಕ್ಕೂ ಕುಂಕುಮ ಬಿದ್ದಿತ್ತು. ಸಂಯುಕ್ತಾ ಆಫೀಸಿನಿಂದ ಬಂದು ನೋಡಿದರೆ ರೆಹೇಮಾಳ ಸೋರೆಬುರುಡೆಗೂ ಬಿದ್ದಿತ್ತು!

ಪಕ್ಕದ ಮನೆಯ ರೆಹೇಮಾ ಟಾಂಜಾನಿಯಾದವಳು. ಮನೆಗೆ ಬಣ್ಣ ಹೊಡೆಸಿ ಮುಗಿಯುವವರೆಗೆ ಇದೊಂದು ನಿಮ್ಮಲ್ಲಿರಲಿ ಎಂದು ಕೊಟ್ಟಿದ್ದಳು. ನಾಟಿವೈದ್ಯನಾಗಿದ್ದ ಅವಳ ಅಜ್ಜನ ಔಷಧದ ಬುರುಡೆ. ದುಂಡು ಹೊಟ್ಟೆ, ಕತ್ತಿಗೆ ಮಣಿಸರ, ಬಾಯಿಗೆ ಹೆಣ್ಣಿನ ತಲೆಯಂತೆ ಕೆತ್ತಿದ ಮರದ ಬಿರಡೆ. ರೋಗಿ ಎದುರು ಕೂತರೆ ಅಜ್ಜ ಅದನ್ನು ಅಲ್ಲಾಡಿಸಿ ಕಿವಿಗಿಟ್ಟುಕೊಳ್ಳುತ್ತಿದ್ದನಂತೆ. ಯಾವ ಬೇನೆಗೆ ಯಾವ ಬೇರು ಎಂದು ಬುರುಡೆಯೇ ಹೇಳುತ್ತಿತ್ತಂತೆ. ಅಜ್ಜಿಯ ಕಥೆಗಳ ಮಾತಾಡುವ ಗಿಣಿಗಳನ್ನು ನಂಬಿ ಬೆಳೆದ ಸಂಯುಕ್ತಾಳಿಗೆ ಇದನ್ನು ನಂಬುವುದೇನು ಕಷ್ಟ! ಆ ಬಿರಡೆಯಷ್ಟು ಶಾಂತವಾಗಿ ಕೇಳಿಸಿಕೊಳ್ಳುವ ಮುಖವನ್ನು ಅವಳು ಮನುಷ್ಯರಲ್ಲೂ ಕಂಡಿರಲಿಲ್ಲ. ಈಗ ಆ ಹಣೆಯ ಮೇಲೆ ಕಾಸಗಲ ಕೆಂಪು.

"ಆಯೀ, ಏನ್ ಮಾಡಿಬಿಟ್ಟಿ! ಅದು ಆಕೀದು!"

"ಯಾಕ? ಜಡ್ಡು ಕಡಿಯೂ ಆಯುಧ ಅಲ್ಲೇನು ಅದು?" ಅಜ್ಜಿ ನೀಲವ್ವ ಬಗ್ಗಲಿಲ್ಲ. "ನಿನ್ನ ಮಿಕ್ಸರಿಗೆ ಹಚ್ಚಿದ್ರ ನಡೀತದ, ಇದಕ್ಕ ಹಚ್ಚಿದ್ರ ತಪ್ಪಾ?"

ಸಂಯುಕ್ತಾ ಒರೆಸಲು ಹೋದರೆ ಬಣ್ಣ ಮರಕ್ಕೆ ಇನ್ನಷ್ಟು ಇಳಿಯಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಒಳಬಂದ ರೆಹೇಮಾ ಬುರುಡೆಯನ್ನು ನೋಡಿದಳು. ಮುಖ ಬಿಗಿಯಿತು.

"ಅಜ್ಜನ ಕೈಯೆಣ್ಣೆ ಕುಡಿದ ಮರ ಇದು. ಪೇಂಟರುಗಳ ಕೈ ತಾಗಬಾರದು ಅಂತಲೇ ನಿನಗೆ ಕೊಟ್ಟಿದ್ದೆ," ಎಂದಳು ಇಂಗ್ಲಿಷಿನಲ್ಲಿ, ಮೆಲ್ಲಗೆ. ಕೂಗಾಡಿದ್ದರೇ ವಾಸಿಯಿತ್ತು.

ನೀಲವ್ವನಿಗೆ ಮಾತು ತಿಳಿಯದಿದ್ದರೂ ಮುಖ ತಿಳಿಯಿತು. ಒಳಗೆ ಹೋಗಿ ಔಡಲೆಣ್ಣೆಯ, ಎಂದರೆ ಹರಳೆಣ್ಣೆಯ, ಸೀಸೆ ಮತ್ತು ಹತ್ತಿ ತಂದಳು. "ಇದರಿಂದ ಒರಸಲೇನು ಕೇಳವ್ವಾ ಆಕೀನ್ನ. ಕುಂಕುಮ ಎಣ್ಣಿಗಷ್ಟ ಬಿಡ್ತದ."

ಮುಚ್ಚಳ ತೆರೆದದ್ದೇ ತಡ, ರೆಹೇಮಾ ಸೀಸೆಯನ್ನು ಕಸಿದು ಮೂಗಿಗೆ ಹಿಡಿದಳು. ಹಾಗೇ ನಿಂತಳು.

"ಇದೇ ಎಣ್ಣೆ! ಅಜ್ಜ ಇದನ್ನೇ ಹಚ್ಚುತ್ತಿದ್ದ. ಅವನು ಹೋದಮೇಲೆ ಯಾರೂ ಹಚ್ಚಿಲ್ಲ. ಒಣಗಿ ಸೀಳು ಬಿಡ್ತಿತ್ತು."

ಸಂಯುಕ್ತಾ ಕನ್ನಡಕ್ಕೆ ತಿರುಗಿಸಿ ಹೇಳುವ ಮೊದಲೇ ಇಬ್ಬರೂ ಕಾರ್ಪೆಟ್ಟಿನ ಮೇಲೆ ಕೂತಾಗಿತ್ತು. ನೀಲವ್ವ ಬುರುಡೆಯನ್ನು ಮತ್ತೆ ಮುಟ್ಟಲಿಲ್ಲ. ಹತ್ತಿ ಅದ್ದಿ ಅದ್ದಿ ಕೊಟ್ಟಳು, ರೆಹೇಮಾ ಒರೆಸಿದಳು. ಹಣೆಯ ಕೆಂಪು ಹೋಗಿ ಮರ ಕಪ್ಪಗೆ ಮಿರುಗಿತು. ಕಿವಿಯ ಹಿಂದಿನ ಗೀರಿನಲ್ಲಿ ಮಾತ್ರ ಒಂದೆಳೆ ಉಳಿಯಿತು. ಇನ್ನೊಂದು ಹತ್ತಿ ಚಾಚಿದ ನೀಲವ್ವನ ಕೈಯನ್ನು ರೆಹೇಮಾ ಹಿಡಿದು ತಡೆದಳು.

"ಅದಿರಲಿ."

ಅಷ್ಟು ಸಲಿಗೆ ಸಾಕಾಯಿತು ನೀಲವ್ವನಿಗೆ. "ನನ್ನ ಮೊಣಕಾಲ ಬ್ಯಾನಿಗೆ ಅದು ಏನಂತದ, ಕೇಳಂತ ಹೇಳು."

ರೆಹೇಮಾ ನಗಲಿಲ್ಲ. ಬುರುಡೆಯನ್ನು ಅಲ್ಲಾಡಿಸಿ, ಅಜ್ಜನಂತೆ ಕಣ್ಣು ಮುಚ್ಚಿ, ಕಿವಿಗಿಟ್ಟುಕೊಂಡಳು.

"ಔಡಲೆಣ್ಣೆ ಹಚ್ಚಬೇಕಂತೆ," ಎಂದಳು ರೆಹೇಮಾ.