ಏಳನೆಯ ಬಾಗಿಲಿಗೆ ಅತ್ತವರು

ಯಾವ ಹೊಸ ವಿಡಿಯೊ ಗೇಮ್ ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಪ್ರತಿ ಶನಿವಾರ ಊರಿಗೆಲ್ಲ ಹೇಳುವ ಮನುಷ್ಯ ಒಂದು ಆಟವನ್ನೂ ಕೊನೆಯವರೆಗೆ ಆಡಿದವನಲ್ಲ. ಈ ಸಂಗತಿ ಮೂವರಿಗೆ ಮಾತ್ರ ಗೊತ್ತಿತ್ತು: ಅವನಿಗೆ, ಅವನ ಹೆಂಡತಿಗೆ, ಅವನ ಅತ್ತೆಗೆ. ಪತ್ರಿಕೆಯಲ್ಲಿ ಅವನ ಹೆಸರು ತಕ್ಕಡಿ. ಅಂಕಣದ ತಲೆಯ ಮೇಲೆ ಒಂದು ತಕ್ಕಡಿಯ ಚಿತ್ರ, ಕೆಳಗೆ ಹತ್ತಕ್ಕೆ ಇಷ್ಟು ಎಂದು ಅಂಕ. ಅಂಗಡಿಗೆ ಬರುವ ಜನ ಆ ಚೂರನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು.

ಮೊದಮೊದಲು ಅವನ ಕ್ರಮ ಸರಳವಾಗಿತ್ತು. ಆಟವನ್ನು ಒಂದು ಗಂಟೆ ಆಡುವುದು, ಕಂಪನಿ ಜೊತೆಗೆ ಕಳಿಸಿದ ಹೊಳಪು ಕಾಗದದ ಪುಸ್ತಿಕೆ ಓದುವುದು, ಕಾಫಿ ಕುಡಿದು ಅಂಕ ಹಾಕುವುದು. ಆರಕ್ಕಿಂತ ಕಡಿಮೆ ಕೊಟ್ಟರೆ ಕಂಪನಿ ಮುಂದಿನ ಆಟ ಕಳಿಸುವುದಿಲ್ಲ. ಒಂಬತ್ತಕ್ಕಿಂತ ಹೆಚ್ಚು ಕೊಟ್ಟರೆ ಓದುಗರು ಇವನನ್ನು ಗಟ್ಟಿಗನೆನ್ನುವುದಿಲ್ಲ. ಹೀಗಾಗಿ ತಕ್ಕಡಿಯ ಮುಳ್ಳು ವರ್ಷಗಟ್ಟಲೆ ಏಳರ ಆಸುಪಾಸಿನಲ್ಲೇ ಆಡಿತು. ಬರವಣಿಗೆಯೋ, ಅಡ್ಡಗೋಡೆಯ ಮೇಲಿಟ್ಟ ದೀಪ. ‘ಈ ಬಗೆಯ ಆಟಗಳನ್ನು ಇಷ್ಟಪಡುವವರಿಗೆ ಈ ಆಟ ಇಷ್ಟವಾಗಬಹುದು’ ಎಂದು ಅವನು ಒಮ್ಮೆ ಬರೆದಿದ್ದ. ಅದಕ್ಕೂ ಗೆರೆ ಎಳೆದು ಇಟ್ಟುಕೊಂಡವರಿದ್ದರು.

ಆಮೇಲೆ ಅತ್ತೆ ಬಂದರು.

ಅತ್ತೆ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಕೊನೆಯ ತಪಾಸಣೆಯ ಮೇಜಿನಲ್ಲಿ ಕೂತವರು. ಬಂದ ಅಂಗಿಯನ್ನು ಮೊದಲು ಒಳಮೈ ಹೊರಕ್ಕೆ ತಿರುಗಿಸುತ್ತಿದ್ದರು. ಹೊರಗಿನ ಚೆಂದ ಕೊಳ್ಳುವವನಿಗೆ, ಒಳಗಿನದು ನಮಗೆ ಎಂಬುದು ಅವರ ಮೇಜಿನ ಮಾತು. ಪ್ರತಿ ಗುಂಡಿಯನ್ನೂ ಎಳೆದು ನೋಡುವರು. ಸಡಿಲವಿದ್ದ ಕಡೆ ನೀಲಿ ಸೀಮೆಸುಣ್ಣದಿಂದ ಸಣ್ಣ ಸೊನ್ನೆ. ಹಾಗೆಂದರೆ ರಿಪೇರಿ ಮಾಡಿ ತನ್ನಿ ಎಂದರ್ಥ. ರಿಪೇರಿಗೂ ಸಲ್ಲದ ಅಂಗಿಗೆ ಕಾಲರಿನ ಒಳಗಡೆ ಅದೇ ಸುಣ್ಣದಿಂದ ಅಡ್ಡಡ್ಡ ಎರಡು ಗೆರೆಯ ಕತ್ತರಿ ಗುರುತು. ಆ ಗುರುತು ಬಿದ್ದ ಅಂಗಿ ಬಾಗಿಲು ದಾಟಿ ಹೊರಗೆ ಹೋಗುವಂತಿಲ್ಲ. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಬೇಕಲ್ಲ. ಅಳಿಯನ ಇಸ್ತ್ರಿ ಅಂಗಿಗಳನ್ನು ವಾರಕ್ಕೊಮ್ಮೆ ತಿರುಗಿಸಿ ನೋಡಿ, ಎಲ್ಲಾದರೂ ಗುಂಡಿ ಸಡಿಲವಿದ್ದರೆ ಸೊನ್ನೆ ಹಾಕಿಡುತ್ತಿದ್ದರು.

ಅವರ ಕೈಗೆ ಆಟ ಬಂದದ್ದು ಔಷಧಿಯಾಗಿ. ಮೂವತ್ತೊಂದು ವರ್ಷ ಗುಂಡಿ ಎಳೆದ ಬೆರಳುಗಳು ಮರಗಟ್ಟಿದ್ದವು. ಮಗಳು ಫಿಸಿಯೋಥೆರಪಿ ಮಾಡುವವಳು. ದಿನಕ್ಕೆ ಅರ್ಧ ಗಂಟೆ ಇದರ ಗುಂಡಿ ಒತ್ತಮ್ಮ, ಬೆರಳು ಸಡಿಲಾಗುತ್ತವೆ ಎಂದು ಗಂಡನ ಕಂಟ್ರೋಲರನ್ನು ತಾಯಿಯ ಕೈಗಿತ್ತಳು. ತಿಂಗಳೊಳಗೆ ಅರ್ಧ ಗಂಟೆ ಐದು ಗಂಟೆಯಾಯಿತು. ಬೆರಳು ಸಡಿಲಾದವೋ ಇಲ್ಲವೋ, ಅತ್ತೆಯಂತೂ ಊಟಕ್ಕೆ ಕರೆದರೂ ಏಳದಾದರು.

ಅವರು ಆಡುವ ರೀತಿ ನೋಡಿದರೆ ಆಟ ಮಾಡಿದವರಿಗೆ ಜ್ವರ ಬರಬೇಕು. ಓಡು ಎಂದ ಕಡೆ ಓಡುವುದಿಲ್ಲ, ನಿಂತು ಗೋಡೆ ಮುಟ್ಟುತ್ತಾರೆ. ಹಿಂದೆ ರಾಕ್ಷಸ ಕಿರುಚುತ್ತಿದ್ದರೆ ಇವರು ಮೆಟ್ಟಿಲು ಎಣಿಸುತ್ತಾರೆ. ಆಟದೊಳಗಿನ ಅಂಗಡಿಯವನಿಗೆ ಒಂದೇ ಪ್ರಶ್ನೆಯನ್ನು ಮೂವತ್ತು ಸಲ ಕೇಳಿ, ಇವನಿಗೆ ಎರಡೇ ಉತ್ತರ ಕಲಿಸಿದ್ದಾರೆ ಎಂದು ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಬರೆದುಕೊಳ್ಳುತ್ತಾರೆ. ಕೊನೆಯ ಕೋಣೆಯ ಕೊನೆಯ ಮೂಲೆಯವರೆಗೆ ಹೋಗಿ ಬಂದು ತೀರ್ಪು ಹೇಳುತ್ತಾರೆ. ಒಂದಕ್ಕೆ ‘ಹೊಲಿಗೆ ಗಟ್ಟಿ, ಬಟ್ಟೆ ಸಾಧಾರಣ’. ಇನ್ನೊಂದಕ್ಕೆ ‘ಮೇಲೆ ಇಸ್ತ್ರಿ, ಒಳಗೆಲ್ಲ ನೂಲು’.

ತಕ್ಕಡಿ ಆ ಹಾಳೆಗಳನ್ನು ಪತ್ರಿಕೆಯ ಭಾಷೆಗೆ ತಿರುಗಿಸಿ ಬರೆಯತೊಡಗಿದ. ಇದ್ದಕ್ಕಿದ್ದಂತೆ ಅಂಕಣಕ್ಕೆ ಜೀವ ಬಂತು. ತಕ್ಕಡಿ ಈಗ ಪಳಗಿದ್ದಾರೆ ಎಂದು ಓದುಗರು ಪತ್ರ ಬರೆದರು. ಸಂಪಾದಕ ಅರ್ಧ ಪುಟವನ್ನು ಮುಕ್ಕಾಲು ಪುಟ ಮಾಡಿದ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಆ ಮನೆಯಲ್ಲಿ ಕೆಸರು ಅತ್ತೆಯ ಕೈಗೆ, ಮೊಸರು ಅಳಿಯನ ಬಾಯಿಗೆ. ಅತ್ತೆಗೆ ಅದರ ಬೇಸರವಿರಲಿಲ್ಲ. ಕಾರ್ಖಾನೆಯಲ್ಲೂ ಅಂಗಿಯ ಮೇಲೆ ಅವರ ಹೆಸರು ಇರುತ್ತಿರಲಿಲ್ಲ. ತಮ್ಮ ಮಾತು ಅಚ್ಚಾಗಿ ಬಂದ ಶನಿವಾರಗಳನ್ನು ಅವರೂ ಕತ್ತರಿಸಿ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರು.

ಹೀಗಿರುವಾಗ ‘ಏಳು ಬಾಗಿಲ ಕೋಟೆ’ ಬಂತು. ನಾಲ್ಕು ವರ್ಷದಿಂದ ಬಸ್ಸಿನ ಬೆನ್ನ ಮೇಲೆಲ್ಲ ಅದರದೇ ಜಾಹೀರಾತು. ಮಾರಾಟಕ್ಕೆ ಹತ್ತು ದಿನ ಮೊದಲೇ ವಿಮರ್ಶಕರಿಗೆಲ್ಲ ಆಟವನ್ನು ಕಳಿಸಿದ ಕಂಪನಿ ಜೊತೆಗೊಂದು ಪತ್ರವನ್ನೂ ಇಟ್ಟಿತ್ತು: ಗುರುವಾರದೊಳಗೆ ವಿಮರ್ಶೆ ತಲುಪಿಸಿದವರಲ್ಲಿ ಒಬ್ಬರ ಒಂದು ಸಾಲನ್ನು ಆಟದ ಪೆಟ್ಟಿಗೆಯ ಮೇಲೆ ಅಚ್ಚು ಹಾಕಲಾಗುವುದು. ಪೆಟ್ಟಿಗೆಯ ಮೇಲೆ ತನ್ನ ಸಾಲು! ವಿಮರ್ಶಕರು ಆಟವನ್ನು ತೆಗಳುವುದು ಓದುಗರಿಗಾಗಿ, ಹೊಗಳುವುದು ಪೆಟ್ಟಿಗೆಗಾಗಿ. ತಕ್ಕಡಿಗೆ ಹನ್ನೊಂದು ವರ್ಷದಿಂದ ಇದೇ ಕನಸು. ಅಂಗಡಿಯ ಗಾಜಿನ ಹಿಂದೆ ಸಾಲಾಗಿ ಜೋಡಿಸಿದ ನೂರು ಪೆಟ್ಟಿಗೆ, ನೂರರ ಮೇಲೂ ಅವನ ಮಾತು. ಪುಸ್ತಿಕೆಯ ಹದಿನೆಂಟನೆಯ ಪುಟದಲ್ಲಿ ಏಳನೆಯ ಬಾಗಿಲ ಹಿಂದೆ ತಾಯಿ ಮಗ ಮತ್ತೆ ಭೇಟಿಯಾಗುವ ದೃಶ್ಯದ ವರ್ಣನೆಯಿತ್ತು. ಅದನ್ನು ಓದುತ್ತಲೇ ಅವನಿಗೆ ಸಾಲು ಹೊಳೆಯಿತು.

ಬುಧವಾರ ಬೆಳಿಗ್ಗೆ ಅತ್ತೆ ಹಾಳೆ ಕೊಟ್ಟರು. ಮೂರು ದಿನದಿಂದ ಅವರು ಏಳನೆಯ ಬಾಗಿಲ ಮುಂದೆಯೇ ಇದ್ದರು.

“ಆರು ಬಾಗಿಲು ಪಾಸು. ಏಳನೇದು ಬಾಗಿಲೇ ಅಲ್ಲ, ಗೋಡೆ ಮೇಲೆ ಬರೆದಿರೋ ಚಿತ್ರ. ಹಿಡಿಗೆ ನೆರಳೂ ಇಲ್ಲ ನೋಡಿ.”

“ಮುನ್ನೂರು ಜನ ನಾಲ್ಕು ವರ್ಷ ಕೂತು ಮಾಡಿರೋ ಆಟ ಅತ್ತೆ. ಬಾಗಿಲು ಇಡೋದನ್ನ ಮರೀತಾರಾ?”

“ಎಂಟುನೂರು ಜನ ಹೊಲೀತಿದ್ವಿ ನಾವು. ಒಂದ್ಸಲ ತೋಳೇ ಇಲ್ಲದ ಅಂಗಿ ನನ್ನ ಮೇಜಿಗೆ ಬಂದಿತ್ತು.”

ತಕ್ಕಡಿ ನಕ್ಕ. ವಯಸ್ಸಾದ ಬೆರಳು, ಎಲ್ಲೋ ಒಂದು ಗುಂಡಿ ಸರಿಯಾಗಿ ಒತ್ತಿಲ್ಲ, ಅಷ್ಟೇ ಎಂದುಕೊಂಡ. ತಾನೇ ಕೂತು ಒಮ್ಮೆ ನೋಡಬಹುದಿತ್ತು. ಆದರೆ ನೋಡಲು ಹೋದರೆ ಆ ಆರು ಬಾಗಿಲ ಕಥೆಯೆಲ್ಲ ತಿಳಿದುಕೊಳ್ಳಬೇಕು, ಗುರುವಾರ ನಾಳೆಯೇ. ಅವನು ಬರೆದ: ‘ಏಳನೆಯ ಬಾಗಿಲು ತೆರೆದ ಕ್ಷಣ ನನ್ನ ಕಣ್ಣು ತುಂಬಿ ಬಂತು, ಇಂಥ ಕೊನೆಯನ್ನು ನಾನು ಈವರೆಗೆ ಕಂಡಿಲ್ಲ.’ ಸಾಲಿನ ದ್ವಿತೀಯಾರ್ಧ ಅಪ್ಪಟ ಸತ್ಯ. ಅವನು ಯಾವ ಆಟದ ಕೊನೆಯನ್ನೂ ಕಂಡವನಲ್ಲ. ಹತ್ತಕ್ಕೆ ಒಂಬತ್ತೂವರೆ ಕೊಟ್ಟ.

ಶನಿವಾರ ಅತ್ತೆ ಕನ್ನಡಕ ಹಾಕಿಕೊಂಡು ಅಂಕಣವನ್ನು ಎರಡು ಸಲ ಓದಿದರು. ಸಿಟ್ಟಾಗುತ್ತಾರೆಂದು ಅವನು ಕಾದ. ಅವರು ಸಿಟ್ಟಾಗಲಿಲ್ಲ. ಹೇಗೆ ತೆರೆದಿರಿ ಎಂದು ಕೇಳಿದರು, ಅದೂ ಕಲಿಯುವವರ ದನಿಯಲ್ಲಿ. ಆಫೀಸಿನಲ್ಲಿ ತೆರೆಯಿತು, ಎರಡು ಗುಂಡಿ ಒಟ್ಟಿಗೆ ಒತ್ತಬೇಕಿತ್ತು ಎಂದು ಬಾಯಿಗೆ ಬಂದದ್ದನ್ನು ಹೇಳಿದ. ಯಾವ ಎರಡು ಎಂದರು. ನೆನಪಿಲ್ಲ ಎಂದ. ಅತ್ತೆ ಎರಡು ದಿನ ಕೂತು, ಕಂಟ್ರೋಲರಿನಲ್ಲಿರುವ ಯಾವ ಗುಂಡಿಯ ಜೊತೆ ಯಾವ ಗುಂಡಿ ಎಂದು ಜೋಡಿ ಜೋಡಿಯಾಗಿ ಹಾಳೆಯಲ್ಲಿ ಬರೆದುಕೊಂಡು, ಒಂದೊಂದನ್ನೇ ಒತ್ತಿ ಹೊಡೆದುಹಾಕುತ್ತಾ ಹೋದರು. ಸೋಮವಾರ ಕಂಟ್ರೋಲರಿಗೆ ಅದರ ತಂತಿ ಸುತ್ತಿ ಅಳಿಯನ ಮೇಜಿನ ಮೇಲಿಟ್ಟರು.

“ನನ್ನ ಕಣ್ಣು ಹೋಯ್ತು ಅನ್ಸುತ್ತೆ,” ಎಂದರು. “ಒಳ್ಳೇ ಪೀಸಿಗೆ ಕತ್ತರಿ ಗುರುತು ಹಾಕ್ದೋಳು ಮತ್ತೆ ಆ ಮೇಜಲ್ಲಿ ಕೂರಬಾರದು. ನಮ್ಮಲ್ಲಿ ಹಾಗೇ ಇತ್ತು ರೂಲು.”

ಸೀಮೆಸುಣ್ಣದ ಡಬ್ಬಿ ಕಪಾಟಿನ ಮೇಲಕ್ಕೆ ಹೋಯಿತು. ಕಣ್ಣಿನ ಡಾಕ್ಟರರಲ್ಲಿಗೆ ತಾವಾಗಿಯೇ ಹೋಗಿ ಬಂದರು. ಗೋಡೆಯ ಮೇಲಿನ ಪಟದ ಅಕ್ಷರಗಳನ್ನೆಲ್ಲ ಓದಿ, ಅದರ ಅಡಿಯಲ್ಲಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದರಂತೆ. ಕಣ್ಣಿಗೇನೂ ಆಗಿಲ್ಲ ಎಂದರು ಡಾಕ್ಟರು. ಹಾಗಾದರೆ ಕೆಟ್ಟಿರುವುದು ತಲೆ ಎಂದು ಅತ್ತೆ ತೀರ್ಮಾನಿಸಿದರು. ಕಾರ್ಖಾನೆಯಲ್ಲಿ ತಮ್ಮ ಜೊತೆ ಕೂರುತ್ತಿದ್ದ ಹೆಂಗಸರ ಹೆಸರುಗಳನ್ನು ಮೆಲ್ಲಗೆ ಹೇಳಿಕೊಳ್ಳುತ್ತಾ, ನೆನಪಿದೆಯೇ ಎಂದು ತಮ್ಮನ್ನೇ ತಾವು ಪರೀಕ್ಷೆ ಮಾಡಿಕೊಳ್ಳತೊಡಗಿದರು. ಒಮ್ಮೆ ಒಂದು ಹೆಸರು ತಡವಾಗಿ ನೆನಪಾದಾಗ ಮತ್ತೆ ಮೊದಲಿನಿಂದ ಹೇಳಿಕೊಂಡರು. ಅಮ್ಮನಿಗೆ ಏನೋ ಆಗುತ್ತಿದೆ ಎಂದು ಹೆಂಡತಿ ಗಂಡನ ಮುಂದೆ ಅತ್ತಳು.

ತಕ್ಕಡಿಗೆ ನಾಚಿಕೆಯಾಯಿತು. ಆಗಲಿಲ್ಲ ಎಂದರೆ ಅನ್ಯಾಯವಾದೀತು. ಸುಳ್ಳು ಬಿಸಿ ತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿಬಿಡೋಣ, ನಾನು ಬಾಗಿಲು ನೋಡೇ ಇಲ್ಲ ಎಂದು ಒಂದು ಮಾತು, ಅತ್ತೆ ಮತ್ತೆ ಎದ್ದು ಕೂರುತ್ತಾರೆ ಎಂದು ದಿನಾ ಬೆಳಿಗ್ಗೆ ನಿಶ್ಚಯಿಸುತ್ತಿದ್ದ. ಮುಂದಿನ ವಾರದ ಬುಧವಾರ ಹೇಳಿಯೂಬಿಡುತ್ತಿದ್ದನೇನೋ. ಅಷ್ಟರಲ್ಲಿ ಕಂಪನಿಯ ಪತ್ರ ಬಂತು: ಅವನ ಸಾಲು ಆಯ್ಕೆಯಾಗಿತ್ತು. ಪೆಟ್ಟಿಗೆ ಹಿಡಿದು ಫೋಟೋಗೆ ನಿಲ್ಲಬೇಕಿತ್ತು. ಫೋಟೋ ಒಂದು ಆಗಿಬಿಡಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ. ಫೋಟೋ ಆದ ಮೇಲೆ ಆ ಮಾತನ್ನೇ ಅವನು ಎತ್ತಲಿಲ್ಲ.

ಅತ್ತೆ ಕಂಟ್ರೋಲರ್ ಕೆಳಗಿಟ್ಟು ಮೂರು ವಾರವಾದಾಗ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಏಳನೆಯ ಬಾಗಿಲು ಸಮಯಕ್ಕೆ ಸರಿಯಾಗಿ ಸಿದ್ಧವಾಗಿರಲಿಲ್ಲ, ಸದ್ಯಕ್ಕೆ ಅಲ್ಲಿರುವುದು ಬಾಗಿಲಿನ ಚಿತ್ರ ಮಾತ್ರ, ಮುಂದಿನ ತಿಂಗಳ ಅಪ್‌ಡೇಟಿನಲ್ಲಿ ಬಾಗಿಲನ್ನು ಸೇರಿಸಲಾಗುವುದು, ಆಟಗಾರರ ತಾಳ್ಮೆಗೆ ವಂದನೆಗಳು. ಯಾರೋ ಕೆಲಸವಿಲ್ಲದವರು ಲೆಕ್ಕ ಹಾಕಿದರು: ಆ ಬಾಗಿಲು ತೆರೆದಾಗ ಇಪ್ಪತ್ಮೂರು ವಿಮರ್ಶಕರು ಅತ್ತಿದ್ದರು, ಅವರಲ್ಲಿ ಇಬ್ಬರು ಎರಡೆರಡು ಸಲ. ಓದುಗರೇನು ಕಡಿಮೆ? ತಕ್ಕಡಿಗೇ ನಲವತ್ತು ಪತ್ರ ಬಂದಿದ್ದವು, ನೀವು ಹೇಳಿದ್ದು ನಿಜ, ನಮ್ಮ ಮನೆಯಲ್ಲೂ ಎಲ್ಲರೂ ಅತ್ತೆವು ಎಂದು.

ಕೆಲಸ ಹೋಯಿತೆಂದುಕೊಂಡೇ ತಕ್ಕಡಿ ಸಂಪಾದಕನ ಕೋಣೆಗೆ ಹೋದ. ಸಂಪಾದಕ ತಣ್ಣಗೆ ಸಮಾಧಾನ ಹೇಳಿದ. ಒಬ್ಬನೇ ಅತ್ತಿದ್ದರೆ ಕೆಲಸ ಹೋಗುತ್ತಿತ್ತು, ಇಪ್ಪತ್ಮೂರು ಜನ ಅತ್ತಿರುವಾಗ ಅದು ಅಭಿಪ್ರಾಯವಾಗುತ್ತದೆ ಎಂಬುದು ಅವನ ಅನುಭವ. ಬಾಗಿಲು ಬಂದ ಮೇಲೆ ಇನ್ನೊಂದು ಲೇಖನ ಕೊಡು, ಎರಡನೆಯ ಸಲ ಇನ್ನೂ ಚೆನ್ನಾಗಿ ತೆರೆಯಿತು ಅಂತ ಬರಿ ಎಂದೂ ಸೂಚಿಸಿದ. ಬದುಕಿದೆಯಾ ಬಡಜೀವವೇ ಎಂದು ತಕ್ಕಡಿ ಹೊರಬಂದ.

ಮನೆಗೆ ಬಂದಾಗ ಹೆಂಡತಿ ಪ್ರಕಟಣೆಯನ್ನು ತಾಯಿಗೆ ಓದಿ ಹೇಳಿ ಮುಗಿಸಿದ್ದಳು. ಅತ್ತೆ ಊಟದ ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಸಂತೋಷದ ಸುದ್ದಿ ತಂದವನಂತೆ ಮುಖ ಮಾಡಿಕೊಂಡು ಅವನೇ ಮಾತು ತೆಗೆದ.

“ನಿಮ್ಮ ಕಣ್ಣು ಸರಿಯಾಗೇ ಇತ್ತು ಅತ್ತೆ.”

“ಕಣ್ಣಿನ ಡಾಕ್ಟ್ರಿಗೆ ಅದು ಮೊದಲೇ ಗೊತ್ತಿತ್ತು. ನಿಮಗೆ ಯಾವತ್ತು ಗೊತ್ತಾಯ್ತು?”

ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅಮ್ಮ ತನ್ನ ತಲೆ ಕೆಟ್ಟಿತೆಂದು ಹೆದರಿ ಕೂತಿದ್ದ ಆ ಮೂರು ವಾರಗಳನ್ನು ಅವಳು ಎಣಿಸುತ್ತಿದ್ದಾಳೆಂದು ಅವನಿಗೆ ಚೆನ್ನಾಗಿ ತಿಳಿಯಿತು.

“ನಾವು ಬರೆಯೋದೇ ಹಾಗೆ ಅತ್ತೆ,” ಎಂದ.

ಅತ್ತೆ ತಲೆಯಾಡಿಸಿದರು. ಹೊಲಿಗೆಯ ಸಾಲಿಗೆ ಹೊಸದಾಗಿ ಸೇರಿದವರು ಸಬೂಬು ಹೇಳಿದಾಗಲೂ ಅವರು ಹೀಗೆಯೇ ತಲೆಯಾಡಿಸಿರಬೇಕು. ಆಮೇಲೆ ಕುರ್ಚಿ ಎಳೆದು, ಅದರ ಮೇಲೆ ಹತ್ತಿ, ಕಪಾಟಿನ ಮೇಲಿಂದ ಸೀಮೆಸುಣ್ಣದ ಡಬ್ಬಿ ಇಳಿಸಿದರು.

ಭಾನುವಾರ ಅವನು ಹೊಸ ಆಟವೊಂದನ್ನು ಮೆಲ್ಲಗೆ ಅವರ ಮುಂದಿಟ್ಟ. ಅವರು ಬೇಡವೆನ್ನಲಿಲ್ಲ, ಕಂಟ್ರೋಲರ್ ತೆಗೆದುಕೊಂಡು ಆಡಿದರು, ಗೋಡೆ ಮುಟ್ಟಿದರು, ಮೆಟ್ಟಿಲು ಎಣಿಸಿದರು, ಬರೆದುಕೊಂಡರು. ಕ್ಯಾಲೆಂಡರ್ ಹಾಳೆಯನ್ನು ಮಾತ್ರ ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಇವತ್ತಲ್ಲ ನಾಳೆ ಕೊಡುತ್ತಾರೆ ಎಂದು ತಕ್ಕಡಿ ನಿರಾಳನಾದ. ಮನೆಯ ವಿಷಯ ಮನೆಯಲ್ಲೇ ಮುಗಿಯಿತಲ್ಲ.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಡಲು ಇಸ್ತ್ರಿಯ ಅಂಗಿ ತೆಗೆದ. ಗುಂಡಿಗಳ ಬಳಿ ಎಲ್ಲೂ ಸೊನ್ನೆ ಇರಲಿಲ್ಲ. ಕಾಲರ್ ಬಿಡಿಸಿದಾಗ ಒಳಗಡೆ ನೀಲಿ ಕತ್ತರಿ ಗುರುತು ಕಂಡಿತು. ಎಲ್ಲಿ ಹರಿದಿದೆಯೋ ಎಂದು ಅಂಗಿಯನ್ನು ಒಳಮೈ ಹೊರಕ್ಕೆ ತಿರುಗಿಸಿದ. ಕಿಟಕಿಯ ಬೆಳಕಿಗೆ ಹಿಡಿದ. ತೋಳಿನ ಹೊಲಿಗೆ, ಬಗಲಿನ ಹೊಲಿಗೆ, ಜೇಬಿನ ಅಂಚು ಎಲ್ಲವನ್ನೂ ಬೆರಳಿನಿಂದ ಸವರಿದ. ಗುಂಡಿಗಳನ್ನು ಒಂದೊಂದಾಗಿ ಎಳೆದು ನೋಡಿದ. ತನ್ನ ಜೀವಮಾನದಲ್ಲಿ ಅವನು ಒಂದು ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ಪರೀಕ್ಷೆ ಮಾಡಿದ್ದು ಅದೇ ಮೊದಲು. ಅಂಗಿಯಲ್ಲಿ ಯಾವ ದೋಷವೂ ಇರಲಿಲ್ಲ.

ಬೇರೆ ಇಸ್ತ್ರಿಯ ಅಂಗಿಯೂ ಇರಲಿಲ್ಲ. ಅದನ್ನೇ ತೊಟ್ಟು, ಕುತ್ತಿಗೆಯ ಗುಂಡಿಯನ್ನೂ ಹಾಕಿಕೊಂಡು ಬಾಗಿಲು ದಾಟಿದ.